ಮೂರು ತಗಡು

ಬ್ಲೇಡು ಉದ್ದನೆಯ ಕಲ್ಲುಗುಂಡಿನ ಅರ್ಧಕ್ಕೆ ಇಳಿದಿತ್ತು. ಅದರ ಮೇಲೆ ಬಿಟ್ಟ ನೀರು ಬೆಳ್ಳಗಾಗಿ ಸಿಂಧನೂರಿನ ಆ ಗ್ರಾನೈಟ್ ಅಂಗಡಿಯ ನೆಲದ ಮೇಲೆ ಹರಿದು, ಮುಂದೆ ನಿಂತ ಮಕ್ಕಳ ಚಪ್ಪಲಿಗಳನ್ನು ತೋಯಿಸುತ್ತಿತ್ತು. ಹತ್ತನೇ ತರಗತಿಯ ಮೂವತ್ತು ಮಕ್ಕಳು. ಅವರ ನಡುವೆ ಗಣಿತದ ಮಾಸ್ತರ ಬಸವಂತರಾಯ, ಪ್ಯಾಂಟಿನ ಅಂಚು ಮಡಚಿಕೊಂಡು, ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಂಡು ನಿಂತಿದ್ದರು. ಯಂತ್ರ ನಡೆಸುತ್ತಿದ್ದವನು ಅಂಗಡಿಯ ಇಶ್ತಿಯಾಕ್. ಕಲ್ಲಿನ ಪಕ್ಕದಲ್ಲಿ ಅದನ್ನು ಕೆತ್ತಿದ ಗದ್ದೆಪ್ಪ, ಒಗೆದ ಅಂಗಿ ಹಾಕಿಕೊಂಡು, ಬೀಗರ ಮನೆಗೆ ಬಂದವನಂತೆ ಕೈಕಟ್ಟಿ ನಿಂತಿದ್ದ. ಅವನ ತಂಗಿಯ ಮಗ ದುರುಗೇಶ ಎಲ್ಲರಿಗಿಂತ ಹಿಂದೆ ಇದ್ದ. ಬ್ಲೇಡು ಕೆಳಗೆ ಮುಟ್ಟಿದಾಗ ಏನು ಕಾಣುತ್ತದೆಂಬುದು ಆ ಅಂಗಡಿಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಯಂತ್ರದ ಸದ್ದಿನ ಮೇಲೆ ಮಾಸ್ತರ ಕೂಗಿ ಹೇಳುತ್ತಿದ್ದರು: "ಯಾವ ಕಡಿಂದ ಕೊಯ್ದರೂ ಕೊಯ್ದ ಮುಖ ದೀರ್ಘವೃತ್ತನ ಆಗಬೇಕು. ಸಣ್ಣದಿರಲಿ, ದೊಡ್ಡದಿರಲಿ, ಬ್ಯಾರೆ ಆಕಾರ ಬರಂಗಿಲ್ಲ. ಆ ಗುಣ ಇರೋದು ಈ ಒಂದ ಜಾತಿ ಗುಂಡಿಗೆ. ತತ್ತಿಗಿಲ್ಲ, ಆಲೂಗಡ್ಡಿಗಿಲ್ಲ."

"ಬದನಿಕಾಯಿಗ್ರೀ ಸರ?"

"ನಿನ್ನ ತಲಿಗೂ ಇಲ್ಲ, ಸುಮ್ನ ನಿಂದ್ರು."

ಎಲ್ಲರೂ ನಕ್ಕರು. ಗದ್ದೆಪ್ಪನೂ ನಕ್ಕ. ಎಲ್ಲಿ ಕೊಯ್ಯಬೇಕೆಂದು ಗೆರೆ ಎಳೆದವಳು ಮುಂದಿನ ಸಾಲಿನ ಒಬ್ಬ ಹುಡುಗಿ. ಉದ್ದಕ್ಕಲ್ಲ, ಅಡ್ಡಕ್ಕಲ್ಲ, ನಡುವೆ ಓರೆಯಾಗಿ ಎಳೆದಿದ್ದಳು.

ಸದ್ದು ನಿಂತಿತು. ಇಶ್ತಿಯಾಕ್ ಎರಡು ಹೋಳುಗಳನ್ನು ಬಿಡಿಸಿ ಹಲಗೆಯ ಮೇಲೆ ಮಲಗಿಸಿ ನೀರು ಚೆಲ್ಲಿದ. ಕರಿಯ ಮುಖದ ಮೇಲಿನ ಬಿಳಿ ಕೆಸರು ಇಳಿದುಹೋಯಿತು. ಅಂಚು ಒಂದು ಕಡೆಯಿಂದ ಚೆಂದಾಗಿ ಸುತ್ತಿ ಬಂದು, ಮೇಲಿನ ಎಡಗಡೆ ಬರುತ್ತಲೇ ದಣಿದು ನೇರವಾಗಿಬಿಟ್ಟಿತ್ತು.

"ಸರ, ಇಲ್ಲಿ ಗಲ್ಲ ಒಳಗ ಹೋಗೈತ್ರಿ," ಎಂದ ಒಬ್ಬ ಹುಡುಗ.

ದುರುಗೇಶ ಮಾಸ್ತರನ ಮುಖ ನೋಡಿದ. ಹದಿನೈದು ದಿನದಿಂದ ಅವನು ಕಾದದ್ದು ಆ ಮುಖ ಸಣ್ಣದಾಗುವುದನ್ನು. ಅದು ಸಣ್ಣದಾಗಲಿಲ್ಲ. ಮಾಸ್ತರ ಬಗ್ಗಿದರು, ಕನ್ನಡಕ ಏರಿಸಿದರು, ಬೆರಳಿಂದ ಆ ನೇರ ಅಂಚನ್ನು ತಟ್ಟಿದರು.

"ವಾ! ಇದ ನೋಡ್ರಿ ಪಾಠ! ಬೆಳಗ್ಗೆ ಅಳತಿಗೆ ಕತ್ತರಿಸಿದ ಮೂರು ತಗಡು ಇಟ್ಟು ನೋಡಿದ್ವಿ. ಉದ್ದಕ್ಕ ಇಟ್ವಿ, ಅಡ್ಡಕ್ಕ ಇಟ್ವಿ, ನಡುವಿಗೆ ಸುತ್ತಿ ಇಟ್ವಿ, ಬರೋಬ್ಬರಿ ಕುಂತಿತ್ತು. ಮೂರು ಕಡೆ ಬರೋಬ್ಬರಿ ಇದ್ರ ಸಾಲಂಗಿಲ್ಲ, ಎಲ್ಲಾ ಕಡೆ ಇರಬೇಕು. ನಾ ಒಂದು ವಾರ ಬಾಯಿ ಹರಕೊಂಡ್ರೂ ತಿಳೀತಿರಲಿಲ್ಲ ನಿಮಗ!"

ಮಕ್ಕಳು ಮುಂದೆ ನುಗ್ಗಿ ನೋಡಿದರು. ಗದ್ದೆಪ್ಪ ಕಲ್ಲಿನ ಕಡೆಗೆ ಬಲಗೈ ಚಾಚಿದ. ಕೈ ಕಲ್ಲಿಗೆ ನಾಲ್ಕು ಬೆರಳು ದೂರ ಇರುವಾಗ ನಿಂತಿತು. ಹಾಗೇ ಹಿಂದಕ್ಕೆ ತೆಗೆದುಕೊಂಡು, ಎರಡೂ ಅಂಗೈಗಳನ್ನು ಕಣ್ಣ ಮುಂದೆ ಹಿಡಿದು ನೋಡಿದ.

"ನನ್ನ ಕೈ ಸತ್ತಾವ್ರೀ ಸರ," ಎಂದ.

"ಏ, ಏನೂ ಆಗಿಲ್ಲ ಗದ್ದೆಪ್ಪ, ನನಗಿದ ಛಲೋ ಆತು."

"ನಿಮಗ ಆತ್ರೀ," ಎಂದ ಗದ್ದೆಪ್ಪ.

*

ಮೂರು ತಿಂಗಳ ಹಿಂದೆ ಮಾಸ್ತರ ಒಂದು ಚೀಲ ಆಲೂಗಡ್ಡೆ ಹಿಡಿದುಕೊಂಡು ಮಸ್ಕಿಯಲ್ಲಿ ಬಸ್ಸಿಳಿದಿದ್ದರು. ರಸ್ತೆಬದಿಯ ಚಪ್ಪರದಲ್ಲಿ ಗದ್ದೆಪ್ಪ ಒರಳು, ಬೀಸುವ ಕಲ್ಲು, ತುಳಸಿಕಟ್ಟೆ, ಹೊಲದ ಗಡಿಗಲ್ಲು ಮಾಡುತ್ತಿದ್ದ. ಮಾಸ್ತರ ಅವನ ಕಟ್ಟೆಯ ಮೇಲೆ ಕುಳಿತು ಚಾಕುವಿನಿಂದ ಒಂದೊಂದೇ ಆಲೂಗಡ್ಡೆ ಕೊಯ್ದು ತೋರಿಸಿದರು. ಇನ್ನು ಒಂದು ವರ್ಷಕ್ಕೆ ತಮಗೆ ನಿವೃತ್ತಿ, ಹೋಗುವ ಮೊದಲು ಶಾಲೆಗೆ ಒಂದು ಕಲ್ಲಿನ ಗುಂಡು ಕೊಟ್ಟು ಹೋಗಬೇಕು, ಮಕ್ಕಳೆದುರೇ ಅದನ್ನು ಕೊಯ್ಯಬೇಕು ಎಂದರು. ಹದಿನೈದು ಅಂಗುಲ ಉದ್ದ, ಹತ್ತು ಅಂಗುಲ ಅಗಲ, ಎಂಟು ಅಂಗುಲ ಎತ್ತರ.

"ತತ್ತಿ ಆಕಾರ ಏನ್ರೀ ಸರ?"

"ತತ್ತಿ ಅಲ್ಲ. ತತ್ತಿಗೆ ಒಂದು ತುದಿ ಚೂಪು ಇರ್ತೈತಿ. ಇದು ಎರಡೂ ಕಡೆ ಒಂದ ಥರ ಇರಬೇಕು."

ಗದ್ದೆಪ್ಪ ಎರಡು ಉಳಿಗಳನ್ನು ನೆಲಕ್ಕೆ ನೆಟ್ಟ. ಅವೆರಡರ ಸುತ್ತ ದಾರದ ಕುಣಿಕೆ ಹಾಕಿ, ದಾರ ಬಿಗಿಹಿಡಿದು ಇದ್ದಿಲಿನ ತುಂಡನ್ನು ಸುತ್ತ ಓಡಿಸಿದ. ನೆಲದ ಮೇಲೆ ಉದ್ದನೆಯ ದುಂಡು ಮೂಡಿತು.

"ಇದೇನ್ರೀ?"

ಮಾಸ್ತರ ಚಪ್ಪಾಳೆ ಹೊಡೆದರು. "ಇದ! ಸಾಲಿ ಕಲೀದ ಮನುಷ್ಯ, ನೋಡ್ರಿ ಹ್ಯಾಂಗ ಬರದ!"

ಒಳಗೆ ಒರಳು ಕೆತ್ತುತ್ತಿದ್ದ ದುರುಗೇಶನ ಕೈ ನಿಂತಿತು. ಒಂಬತ್ತು ವರ್ಷದ ಹಿಂದೆ ಅವನು ತುರ್ವಿಹಾಳದಿಂದ ಸಿಂಧನೂರಿಗೆ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ. ಒಂಬತ್ತನೇ ತರಗತಿ. ಇದೇ ಬಸವಂತರಾಯ ವಿಜ್ಞಾನದ ತಾಸೂ ತೆಗೆದುಕೊಳ್ಳುತ್ತಿದ್ದರು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಬರೆಯಿರಿ ಎಂದರು. ಎಲ್ಲರೂ ವಕ್ರವಕ್ರವಾಗಿ ಬರೆದರು. ದುರುಗೇಶನಿಗೆ ಮಾವ ಮಾಡುತ್ತಿದ್ದದ್ದು ನೆನಪಿತ್ತು. ಕಿಸೆಯಲ್ಲಿದ್ದ ಎರಡು ಮೊಳೆಗಳನ್ನು ಕಲ್ಲಿನಿಂದ ಬೆಂಚಿಗೆ ಹೊಡೆದು, ಉಡಿದಾರ ಬಿಚ್ಚಿ, ಎಡಗೈಯಲ್ಲಿ ಪೆನ್ಸಿಲು ಹಿಡಿದು ಸುತ್ತು ಹಾಕಿದ್ದ. ಇಡೀ ತರಗತಿಯಲ್ಲಿ ಸರಿಯಾಗಿ ಬಂದದ್ದು ಅದೊಂದೇ. ಮಾಸ್ತರ ಮೊಳೆ ನೋಡಿದರು, ಗೆರೆ ನೋಡಲಿಲ್ಲ. ಕಪಾಳಕ್ಕೆ ಬಿತ್ತು. "ಕಲ್ಲೊಡಿಯೋ ಬುದ್ಧಿ ಬೆಂಚಿಗೂ ತಂದ್ಯೇನಲೇ?" ಮೂವತ್ತೆಂಟು ಮಂದಿ ನಕ್ಕಿದ್ದರು. ಮರುದಿನ ಅವನು ಬಸ್ಸು ಹತ್ತಲಿಲ್ಲ. ಮಸ್ಕಿಗೆ ಮಾವನ ಹತ್ತಿರ ಬಂದ.

ಈಗ ಮಾಸ್ತರ ಚಪ್ಪರದೊಳಗೆ ಇಣುಕಿ, "ನಿನ್ನ ಮಗನೇನು?" ಎಂದು ಕೇಳಿದರು.

"ತಂಗಿ ಮಗ್ರೀ. ಎಡಚ, ಆದ್ರ ಕೈ ಛಲೋ ಐತಿ."

"ಹೌದಾ, ಹೌದಾ," ಎಂದು ಮಾಸ್ತರ ಆಲೂಗಡ್ಡೆ ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡರು. ಗುರುತು ಹತ್ತಲಿಲ್ಲ.

ಒರಟು ಕೆಲಸ ದುರುಗೇಶನದು, ನಯದ ಕೆಲಸ ಗದ್ದೆಪ್ಪನದು. ಮಾಸ್ತರ ಕೊಟ್ಟ ಅಳತೆಗೆ ಮೂರು ತಗಡು ಕತ್ತರಿಸಿ, ಮೂರು ದಿಕ್ಕಿಗೆ ಇಟ್ಟು ನೋಡಿ ಕಲ್ಲು ಇಳಿಸಿದರು. ತಗಡು ಮೂರು ಕಡೆ ಮಾತ್ರ ಹೇಳುತ್ತಿತ್ತು, ನಡುವಿನದೆಲ್ಲ ಗದ್ದೆಪ್ಪನ ಅಂಗೈ ಹೇಳಬೇಕಿತ್ತು. ಕೊನೆಯ ದಿನ ಅವನು ಕಣ್ಣು ಮುಚ್ಚಿ ಒಂದು ಹೊತ್ತು ಪೂರ್ತಿ ಅದನ್ನು ಸವರಿದ. ಎಲ್ಲಿ ಕೂದಲೆಳೆಯಷ್ಟು ಏರಿದೆ ಅನಿಸಿತೋ ಅಲ್ಲಿ ಸಾಣೆಕಲ್ಲನ್ನು ನೀರಿಗೆ ಅದ್ದಿ, ಬಲದಿಂದ ಎಡಕ್ಕೆ ಇಳಿಜಾರಾಗಿ ಒರೆದ. ಮಧ್ಯಾಹ್ನಕ್ಕೆ "ಆತು" ಎಂದು ಎದ್ದ. ಅವನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಆತು ಅಂದ ಕಲ್ಲಿಗೆ ಮತ್ತೆ ಕೈ ಹಚ್ಚುತ್ತಿರಲಿಲ್ಲ. "ಇನ್ನ ಅದು ತಗೊಂಡವರದು," ಎನ್ನುತ್ತಿದ್ದ. ಉಣ್ಣಲು ಮನೆಗೆ ಹೋದ; ಕಲ್ಲು ಮುಗಿದ ದಿನ ಮತ್ತೆ ಚಪ್ಪರಕ್ಕೆ ಬರುತ್ತಿರಲಿಲ್ಲ. ಫೋನು ಕಟ್ಟೆಯ ಮೇಲೆ ಉಳಿಯಿತು.

ಅದು ಹೊಡೆದುಕೊಂಡಿತು. ದುರುಗೇಶ ಎತ್ತಿದ. ಮಾಸ್ತರನ ದನಿ.

"ಗದ್ದೆಪ್ಪ, ಗುಂಡು ತಯಾರಾತಂತಲ್ಲ? ಹುಷಾರು ಮತ್ತ. ಆ ಎಡಚ ಹುಡುಗನ ಕೈಗೆ ಕೊಡಬ್ಯಾಡ, ಏನರ ಮಾಡಿಗೀಡ್ಯಾನು."

"ಹೂನ್ರೀ," ಎಂದು ಫೋನು ಇಟ್ಟ. ಎಡಗೈಯಲ್ಲಿ ಸುತ್ತಿಗೆ ಇತ್ತು. ಅದನ್ನು ಕಲ್ಲಿಗೇ ಬೀಸಿದನೋ, ಬೀಸಿದ ಕಡೆ ಕಲ್ಲಿತ್ತೋ ಅವನಿಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಅಂಗೈಯಗಲದ ಒಂದು ಚಕ್ಕೆ ಹಾರಿ ರಸ್ತೆಗೆ ಬಿತ್ತು.

ಆಮೇಲೆ ಸಂಜೆಯವರೆಗೆ ಅವನು ಒರೆದ. ಚಕ್ಕೆ ಎದ್ದ ಕುಳಿಯ ಅಂಚು ಇಳಿಸಿ, ಸುತ್ತಲಿನದನ್ನು ಅದಕ್ಕೆ ಹೊಂದಿಸಿ, ಕಣ್ಣಿಗೆ ಕಾಣದಂತೆ ಮಾಡಿದ. ಮೂರೂ ತಗಡು ಇಟ್ಟು ನೋಡಿದ. ಚಕ್ಕೆ ಎದ್ದ ಜಾಗ ಮೂರಕ್ಕೂ ಸಿಗದೆ ನಡುವೆ ಇತ್ತು, ತಗಡುಗಳು ಬರೋಬ್ಬರಿ ಕುಳಿತವು. ಕೊಯ್ಯಲಿ, ಎಂದುಕೊಂಡ. ಮೂವತ್ತು ಮಕ್ಕಳ ಮುಂದೆ ಕೊಯ್ಯಲಿ. ಅವನ ಮುಖ ನೋಡೋಣ. ಆ ಸಂಜೆ ಅವನ ತಲೆಯಲ್ಲಿ ಮಾಸ್ತರನಿದ್ದ, ಬೆಂಚಿತ್ತು, ನಕ್ಕ ಮೂವತ್ತೆಂಟು ಮಂದಿ ಇದ್ದರು. ಮಾವ ಇರಲಿಲ್ಲ.

ಮರುದಿನ ಗದ್ದೆಪ್ಪ ಗೋಣಿತಾಟು ಹೊದಿಸಿದ, ಹಗ್ಗ ಬಿಗಿದ. ಕಲ್ಲನ್ನು ಮುಟ್ಟಲಿಲ್ಲ.

*

ಕೊಯ್ದ ದಿನ ಸಿಂಧನೂರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಗದ್ದೆಪ್ಪ ಒಂದೇ ಮಾತು ಕೇಳಿದ.

"ಎಡಚ್ಯಾ, ಖರೆ ಹೇಳು. ಆ ಕಡೆ ನಾ ಕೈ ಆಡಿಸಿದ್ದೆನೋ ಇಲ್ಲೋ?"

"ಆಡಿಸಿದ್ದಿ ಮಾವ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದುರುಗೇಶ ಕಿಟಕಿಯ ಕಡೆ ತಿರುಗಿಕೊಂಡ. ಕಾಲುವೆ, ಭತ್ತ, ಮತ್ತೆ ಕಾಲುವೆ.

ಗದ್ದೆಪ್ಪನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಹೆಚ್ಚಾದರೆ ಕೈಕಾಲು ಜೋಮು ಹಿಡಿದು ಸ್ಪರ್ಶ ಹೋಗುತ್ತದೆಂದು ಯಾರೋ ಹೇಳಿದ್ದು ಅವನ ತಲೆಯಲ್ಲಿತ್ತು. ಈಗ ಅದು ಆಗಿಹೋಗಿದೆ ಎಂದು ತೀರ್ಮಾನಿಸಿದ. ಚಪ್ಪರಕ್ಕೆ ಬರುವುದು ಬಿಟ್ಟ. ಮನೆಯ ಜಗಲಿಯ ಮೇಲೆ ಕುಳಿತು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. ಒರಳು ಕೇಳಿಕೊಂಡು ಬಂದವರಿಗೆ, "ನನ್ನ ಕೈ ಹೋಗ್ಯಾವ್ರೀ, ನಮ್ಮ ಹುಡುಗನ್ನ ಕೇಳ್ರಿ," ಎನ್ನುತ್ತಿದ್ದ. ರೊಟ್ಟಿ ಮುಟ್ಟುವ ಮೊದಲು ಹೆಂಡತಿ ಯಮನೂರಮ್ಮನನ್ನು ಕೇಳುತ್ತಿದ್ದ, "ಬಿಸಿ ಐತೇನಬೇ?"

"ನಿನ್ನ ಕೈಯಾಗ ಐತಲ್ಲ, ನೀನ ನೋಡು."

"ನನಗ ತಿಳಿದಿದ್ರ ನಿನ್ನ್ಯಾಕ ಕೇಳತಿದ್ದೆ?"

ಯಮನೂರಮ್ಮ ದುರುಗೇಶನ ಕಡೆ ನೋಡುತ್ತಿದ್ದಳು. ಅವನು ತಾಟಿನ ಕಡೆ ನೋಡುತ್ತಿದ್ದ. ಆ ದಿನಗಳಲ್ಲಿ ಅವನಿಗೆ ಎಲ್ಲದರ ಮೇಲೂ ಸಿಟ್ಟು ಬರುತ್ತಿತ್ತು. ಒರಳು ಚೆನ್ನಾಗಿದೆ ಎಂದ ಗಿರಾಕಿಯ ಮೇಲೆ, ಸುತ್ತಿಗೆಯ ಹಿಡಿಕೆಯ ಮೇಲೆ, ಮುದುಕನ ಮೇಲೂ. ಒಂದು ಕಲ್ಲಿಗೆ ಇಷ್ಟು ನಂಬಿಕೆಯೇ? ನಲವತ್ತು ವರ್ಷ ದುಡಿದ ಕೈಗಿಂತ ಅದು ಹೆಚ್ಚೇ? ಬೈಯಲು ಬಾಯಿ ತೆರೆದರೆ ಬರಬೇಕಾದ ಮಾತೇ ಬೇರೆ ಇತ್ತು. ಅದಕ್ಕೇ ಬಾಯಿ ತೆರೆಯುತ್ತಿರಲಿಲ್ಲ.

ಯಮನೂರಮ್ಮನ ಒತ್ತಾಯಕ್ಕೆ ಲಿಂಗಸೂಗೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಗದ್ದೆಪ್ಪನ ಕಣ್ಣು ಮುಚ್ಚಿಸಿ, ಸೂಜಿಯ ಮೊನೆಯನ್ನು ಒಂದೊಂದು ಬೆರಳಿಗೆ ಮೆಲ್ಲಗೆ ತಾಗಿಸಿದರು. "ಇದು ಉಂಗುರದ ಬೆರಳು. ಇದು ಹೆಬ್ಬೆಟ್ಟು. ಈಗ ಎಲ್ಲೂ ಚುಚ್ಚಿಲ್ರೀ," ಎಂದು ಗದ್ದೆಪ್ಪ ಹೇಳುತ್ತ ಹೋದ. ಒಂದೂ ತಪ್ಪಲಿಲ್ಲ. ಕೈಗೆ ಏನೂ ಆಗಿಲ್ಲ ಅಜ್ಜ, ಆರಾಮಾಗಿ ಕೆಲಸ ಮಾಡು ಎಂದರು.

ಬಸ್ಸಿನಲ್ಲಿ ಕುಳಿತ ಮೇಲೆ ಗದ್ದೆಪ್ಪ ನಕ್ಕ. "ಛಲೋ ಮನಿಶ್ಯಾ. ಮುದುಕ ಹೆದರಬಾರದಂತ ಹಂಗ ಹೇಳ್ಯಾನ."

"ಅವರ್ಯಾಕ ಸುಳ್ಳು ಹೇಳ್ತಾರ ಮಾವ?"

"ಮತ್ತ ಕಲ್ಲು ಸುಳ್ಳು ಹೇಳೈತೇನಲೇ? ಮೂವತ್ತು ಹುಡುಗರು ನೋಡ್ಯಾರ, ಸರ ನೋಡ್ಯಾರ, ನೀನೂ ನೋಡೀದಿ."

ಈಗ ಹೇಳಬೇಕು ಎಂದುಕೊಂಡ ದುರುಗೇಶ. ಸಂತೆಕಲ್ಲೂರು ಬಂದಾಗ ಹೇಳುತ್ತೇನೆ ಎಂದುಕೊಂಡ. ಸಂತೆಕಲ್ಲೂರು ಬಂತು. ಒಬ್ಬಳು ಎರಡು ಕೋಳಿ ಹಿಡಿದುಕೊಂಡು ಹತ್ತಿದಳು, ಕಂಡಕ್ಟರು ಕೋಳಿಗೂ ಟಿಕೀಟು ಅಂದ, ಅವಳು ಅವಕ್ಕೂ ಸೀಟು ಕೊಡು ಅಂದಳು, ಬಸ್ಸೆಲ್ಲ ನಕ್ಕಿತು. ಸಂತೆಕಲ್ಲೂರು ಹಿಂದೆ ಹೋಯಿತು.

ಆ ಸಂಜೆ ಗದ್ದೆಪ್ಪ ಉಳಿಗಳ ಚೀಲ ತಂದು ದುರುಗೇಶನ ಮುಂದಿಟ್ಟ. ಅಪ್ಪನ ಕಾಲದ ಉಳಿಗಳೂ ಅದರಲ್ಲಿದ್ದವು. ತಲೆಗಳು ಅಣಬೆಯಂತೆ ಚಪ್ಪಟೆಯಾಗಿದ್ದವು.

"ಇವು ನಿನಗಿರಲಿ. ತುಕ್ಕು ಹತ್ತಿಸಬ್ಯಾಡ."

ದುರುಗೇಶ ಅದನ್ನು ಚಪ್ಪರದ ಗೂಟಕ್ಕೆ ತೂಗುಹಾಕಿದ. ಒಳಗಿಂದ ಒಂದು ಉಳಿಯನ್ನೂ ತೆಗೆಯಲಿಲ್ಲ.

*

ಕೊಯ್ದ ನಲವತ್ತನೇ ದಿನ ಅವನು ಸಿಂಧನೂರಿನ ಶಾಲೆಗೆ ಹೋದ. ಒಂಬತ್ತು ವರ್ಷದ ಮೇಲೆ ಮೊದಲ ಸಲ. ಎರಡು ಹೋಳುಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಮುಂದೆ ಒಂದು ರಟ್ಟು. 'ಮೂರು ಛೇದಗಳು ಸಾಲವು. ಕೆತ್ತಿದವರು: ಗದ್ದೆಪ್ಪ, ಮಸ್ಕಿ.'

"ಆ ಹೆಸರು ತಗೀರಿ," ಎಂದ ದುರುಗೇಶ.

ಬಸವಂತರಾಯ ಉತ್ತರಪತ್ರಿಕೆಯಿಂದ ತಲೆ ಎತ್ತಿದರು. "ಯಾಕಪ್ಪ? ಮರ್ಯಾದಿಗಂತ ಬರದೀನಿ."

"ತಪ್ಪು ಇರೋ ಕಲ್ಲಿಗೆ ಅವನ ಹೆಸರು ಬರದ್ರ ಯಾವ ಮರ್ಯಾದಿ ಆತ್ರೀ? ಆ ತಪ್ಪು ಅವನದಲ್ಲ. ಅವ ಬರೋಬ್ಬರಿ ಮಾಡಿಟ್ಟು ಹೋಗಿದ್ದ. ಆಮ್ಯಾಲೆ ನಾ ಹೊಡದೆ. ನಾ ಹೊಡದು ನಾ ಮುಚ್ಚಿದೆ."

"ಕೈ ಜಾರಿತೇನು?"

"ಜಾರಲಿಲ್ರೀ. ನಿಮ್ಮ ಮ್ಯಾಲಿನ ಸಿಟ್ಟಿಗೆ ಹೊಡದೆ. ಒಂಬತ್ತನೇ ಕ್ಲಾಸಿನ್ಯಾಗ ಇದ್ದೆ. ಬೆಂಚಿಗೆ ಎರಡು ಮೊಳಿ ಹೊಡದಿದ್ದೆ, ದಾರ ಕಟ್ಟಿ ಬರದಿದ್ದೆ. ನೀವು ಕಪಾಳಕ್ಕ ಹೊಡದ್ರಿ."

ಮಾಸ್ತರ ಕನ್ನಡಕ ತೆಗೆದು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸುತ್ತಿದ್ದರು.

"ಯಾವ ವರ್ಷ ಅದು?" ಎಂದರು ಕೊನೆಗೆ.

ದುರುಗೇಶ ವರ್ಷ ಹೇಳಿದ. ಮಾಸ್ತರ ತಲೆಯಾಡಿಸಿದರು. ನೆನಪಾಗಲಿಲ್ಲ ಎಂಬುದು ಕಾಣುತ್ತಿತ್ತು. ಒಂಬತ್ತು ವರ್ಷ ಅವನು ಹೊತ್ತುಕೊಂಡು ತಿರುಗಿದ್ದು ಆ ತಲೆಯೊಳಗೆ ಎಲ್ಲಿಯೂ ಇರಲಿಲ್ಲ. ಅದಕ್ಕಾಗಿ ಅವನು ಮುರಿದದ್ದು ಇನ್ನೊಬ್ಬನನ್ನು.

"ಹೊಡದಿರಬೇಕು. ಹೊಡೀತಿದ್ದೆ ನಾ," ಎಂದು ಮಾಸ್ತರ ಮೆಲ್ಲಗೆ ಹೇಳಿ ರಟ್ಟು ಹೊರಗೆ ತೆಗೆದರು. "ನಿನ್ನ ಹೆಸರು ಬರೀಲೇನು?"

"ಬರೀರಿ. ದುರುಗೇಶ. ಆ ಒಂದು ಹೋಳು ನನಗ ಕೊಡ್ರಿ."

*

ಹದಿನಾಲ್ಕು ಕಿಲೋ ಕಲ್ಲನ್ನು ಗೋಣಿಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡೇ ಮಸ್ಕಿಗೆ ಬಂದ. ಗದ್ದೆಪ್ಪ ಜಗಲಿಯ ಮೇಲಿದ್ದ. ದುರುಗೇಶ ಕೊಯ್ದ ಮುಖ ಕೆಳಗಾಗಿ ಹೋಳನ್ನು ಅವನ ಮುಂದಿಟ್ಟ.

"ಇದನ್ಯಾಕ ತಂದಿ?"

"ಸವರಿ ನೋಡು ಮಾವ."

"ಯಾವ ಕೈಲೆ ಸವರಲಿ?"

"ಸವರು."

"ಹುಚ್ಚಗಿಚ್ಚ ಹಿಡದೈತೇನಲೇ? ಒಯ್ಯಿ ಇದನ್ನ."

ದುರುಗೇಶ ಮಾವನ ಎರಡೂ ಮುಂಗೈ ಹಿಡಿದು ಕಲ್ಲಿನ ಮೇಲಿಟ್ಟ. ಹಾಗೆ ಅವನು ಮಾವನನ್ನು ಯಾವತ್ತೂ ಮುಟ್ಟಿರಲಿಲ್ಲ. ಗದ್ದೆಪ್ಪ ಕಿತ್ತುಕೊಳ್ಳಲು ನೋಡಿದ. ಆಮೇಲೆ ಸುಮ್ಮನಾದ. ಅಂಗೈಗಳು ತಾವಾಗಿಯೇ ಚಲಿಸತೊಡಗಿದವು, ಕಣ್ಣು ತಾನಾಗಿಯೇ ಮುಚ್ಚಿತು. ಬಲಗೈ ಸುತ್ತಿ ಬಂದು ಸಪಾಟಾದ ಜಾಗದಲ್ಲಿ ನಿಂತಿತು. ಹೆಬ್ಬೆಟ್ಟು ಅಲ್ಲಿ ಹಿಂದಕ್ಕೆ ಮುಂದಕ್ಕೆ ಆಡಿತು. ಸಪಾಟಿನ ಆಚೆಗಿನ ಕಲ್ಲಿಗೆ ಹೋಯಿತು, ಮತ್ತೆ ಬಂತು.

"ಇಲ್ಲಿ ಒರೆತ ಬ್ಯಾರೆ ಐತಿ," ಎಂದ ಕಣ್ಣು ತೆರೆಯದೆ. "ಎಡದಿಂದ ಬಲಕ್ಕ ಇಳದೈತಿ."

ಗದ್ದೆಪ್ಪ ಕಣ್ಣು ತೆರೆದ. ಮೊದಲು ನೋಡಿದ್ದು ಅಳಿಯನ ಮುಖವನ್ನಲ್ಲ, ಎಡಗೈಯನ್ನು.

"ನೀ 'ಆತು' ಅಂದು ಊಟಕ್ಕ ಹೋದ ಮ್ಯಾಲೆ ಮಾವ. ಸುತ್ತಿಗಿ ಬೀಸಿದೆ. ಚಕ್ಕಿ ಹಾರಿತು. ಒರದು ಮುಚ್ಚಿದೆ."

ಬಾಗಿಲಲ್ಲಿ ಯಮನೂರಮ್ಮ ಬಂದು ನಿಂತಿದ್ದಳು.

"ಲಿಂಗಸೂಗೂರಿಗೆ ಹೋದಾಗ ನಿನ್ನ ಬಾಯಾಗ ಏನಿತ್ತು?" ಎಂದ ಗದ್ದೆಪ್ಪ.

"ಇದ ಇತ್ತು ಮಾವ."

"ನುಂಗಿದಿ."

"ನುಂಗಿದೆ."

ಮುದುಕ ಹೊಡೆಯುತ್ತಾನೆ ಎಂದು ಕಾದ. ಹೊಡೆಯಲಿ ಎಂದು ಬಯಸಿದ. ಗದ್ದೆಪ್ಪ ಕಂಬ ಹಿಡಿದು ಎದ್ದ. "ಏ, ಚಾ ಕೊಡು," ಎಂದು ಹೆಂಡತಿಗೆ ಹೇಳಿದ. ಅವಳು ತಂದ ಸ್ಟೀಲಿನ ಲೋಟವನ್ನು ಏನೂ ಕೇಳದೆ ಬರಿಗೈಯಲ್ಲಿ ಹಿಡಿದ. "ಸ್ಸ್" ಎಂದು ಕೈ ಬದಲಿಸಿದ, ಊದಿದ, ಪೂರ್ತಿ ಕುಡಿದ. ಚಪ್ಪಲಿ ಮೆಟ್ಟಿ ಚಪ್ಪರದ ಕಡೆ ಹೊರಟ.

ದುರುಗೇಶ ಹೋಳನ್ನು ಎತ್ತಿಕೊಂಡು ಹಿಂದೆಯೇ ಓಡಿದ. ಚಪ್ಪರ ಮುಟ್ಟಿದೊಡನೆ ಕಲ್ಲನ್ನು ನೆಲಕ್ಕಿಳಿಸಿ, ಗೂಟದಿಂದ ಉಳಿಗಳ ಚೀಲ ತೆಗೆದುಕೊಡಲು ಕೈ ಚಾಚಿದ.

"ಮುಟ್ಟಬ್ಯಾಡ."

ಗದ್ದೆಪ್ಪ ತಾನೇ ಚೀಲ ಇಳಿಸಿಕೊಂಡ. ಅರ್ಧಕ್ಕೆ ನಿಂತಿದ್ದ ಒಂದು ಒರಳಿನ ಮುಂದೆ, ತನ್ನ ಹಳೆಯ ಜಾಗದಲ್ಲಿ, ಅವನಿಗೆ ಬೆನ್ನು ಹಾಕಿ ಕುಳಿತ. ಉಳಿಗಳನ್ನು ಒಂದೊಂದಾಗಿ ಹೊರಗೆ ತೆಗೆದು, ತುದಿಗಳ ಮೇಲೆ ಹೆಬ್ಬೆಟ್ಟು ಆಡಿಸಿ, ಒಂದನ್ನು ಆರಿಸಿದ. ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು.

ಕೊಯ್ದ ಮುಖ ಮೇಲಾಗಿ ಇಟ್ಟಿದ್ದ ಹೋಳು ನೆಲದ ಮೇಲೆ ತೊಟ್ಟಿಲಿನಂತೆ ತೂಗುತ್ತಿತ್ತು. ದುರುಗೇಶ ಬಗ್ಗಿ ಅದನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟ. ಅದು ಆ ಕಡೆ ಈ ಕಡೆ ತೂಗಿ, ಸಪಾಟಾದ ಮಗ್ಗುಲಿಗೆ ವಾಲಿ ನಿಂತಿತು. ಮತ್ತೊಮ್ಮೆ ನೆಟ್ಟಗೆ ಮಾಡಿದ. ಮತ್ತೆ ತೂಗಿ ಅದೇ ಮಗ್ಗುಲಿಗೆ ಬಂದಿತು.